ಜರ್ಮನಿಯಿಂದ ನೆದರ್ಲೆಂಡ್ಸಿಗೆ ಮನೆ ಬದಲಿಸುವಾಗ: ಎಲ್ಲಿ, ಯಾವ ಪಟ್ಟಿಯಲ್ಲಿ, ಯಾವ ವಿಳಾಸಕ್ಕೆ ಹೆಸರು ಬರೆಸಬೇಕು

ಕೈಯಲ್ಲಿ ಭಾರತದ ಪಾಸ್‌ಪೋರ್ಟು, ಜರ್ಮನಿಯ ಬ್ಲೂ ಕಾರ್ಡು (ನುರಿತ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ), ಐಂಡ್‌ಹೋವನ್‌ನಲ್ಲೋ ಆಮ್‌ಸ್ಟರ್‌ಡಾಮಿನಲ್ಲೋ ಹೊಸ ಕೆಲಸ. ಹೀಗೆ ಹೊರಟವರು ಹೆಸರು ನೋಂದಾಯಿಸುವ ವಿಷಯಕ್ಕೆ ಬಂದಾಗ ಮೂರು ದಾರಿಗಳನ್ನು ತೂಗಿ ನೋಡುತ್ತಾರೆ. ಬಂದ ಕೂಡಲೇ ಊರಿನ ಗೆಮೆಂಟೆಯಲ್ಲಿ, ಅಂದರೆ ಅಲ್ಲಿನ ಪುರಸಭೆಯಲ್ಲಿ, ನಿವಾಸಿಗಳ ಪಟ್ಟಿಯಾದ ಬಿಆರ್‌ಪಿಗೆ ಸೇರುವುದು ಒಂದು. ಮೊದಲು ನಿವಾಸಿಯಲ್ಲದವರ ಪಟ್ಟಿಯಾದ ಆರ್‌ಎನ್‌ಐನಲ್ಲಿ ಹೆಸರು ಬರೆಸಿ ಬಿಎಸ್‌ಎನ್ ಎಂಬ ಗುರುತಿನ ನಂಬರು ಪಡೆದುಕೊಂಡು, ಮನೆ ಸಿಕ್ಕ ಮೇಲೆ ಬಿಆರ್‌ಪಿಗೆ ಬರುವುದು ಎರಡನೆಯದು. ಮೂರನೆಯದು ಜರ್ಮನಿಯ ಗಡಿಯೂರಿನಲ್ಲೇ ನೋಂದಣಿ ಉಳಿಸಿಕೊಂಡು ದಿನವೂ ಕೆಲಸಕ್ಕೆ ದಾಟುವುದು.

ನಾಲ್ಕು ತಿಂಗಳಿಗಿಂತ ಹೆಚ್ಚು ಇರಲು ಬಂದವರಿಗೆ ಮೊದಲನೆಯದೇ ಸರಿ, ಕಾನೂನು ಕೇಳುವುದೂ ಅದನ್ನೇ. ಎರಡನೆಯದು ಕೆಲವು ವಾರಗಳ ಇಕ್ಕಟ್ಟಿಗೆ ಮಾತ್ರ. ಮೂರನೆಯದು ಭಾರತದ ಪಾಸ್‌ಪೋರ್ಟಿನವರಿಗೆ ಕಾಗದದ ಮೇಲೆ ಕಾಣುವಷ್ಟು ಸುಲಭವಲ್ಲ. ಇವುಗಳಲ್ಲಿ ಯಾವುದು ನಿಮಗೆ ದಕ್ಕುತ್ತದೆ ಎಂಬುದು ಕೌಂಟರಿನಲ್ಲಿ ತೀರ್ಮಾನವಾಗುವುದಿಲ್ಲ. ನೀವು ಸಹಿ ಹಾಕುವ ಬಾಡಿಗೆ ಕರಾರಿನಲ್ಲಿ, ಅದಕ್ಕೂ ಹಿಂದೆಯೇ, ತೀರ್ಮಾನವಾಗಿರುತ್ತದೆ. ಆದ್ದರಿಂದ ಮನೆ ಹುಡುಕುವಾಗ ಬಾಡಿಗೆ ಎಷ್ಟು ಎಂದು ಕೇಳುವುದಕ್ಕೆ ಮೊದಲು ಈ ವಿಳಾಸದಲ್ಲಿ ನೋಂದಣಿ ಆಗುತ್ತದೆಯೇ ಎಂದು ಕೇಳಿ.

ಕೆಲಸದ ಪರವಾನಗಿ ಬೇರೆಯೇ ವಿಷಯ. ಅದನ್ನು ಕೊಡುವುದು ವಲಸೆ ಇಲಾಖೆಯಾದ ಐಎನ್‌ಡಿ. 2021ರ ಬ್ಲೂ ಕಾರ್ಡ್ ನಿರ್ದೇಶನದಂತೆ ಮೊದಲ ದೇಶದಲ್ಲಿ 12 ತಿಂಗಳು ಕಳೆದವರು ಎರಡನೆಯ ದೇಶಕ್ಕೆ ಹೋಗಿ, ಒಳಬಂದ ಒಂದು ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬಹುದು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ವ್ಯವಸ್ಥೆಯಲ್ಲಿಲ್ಲ. ಅನೇಕ ಕಂಪನಿಗಳು ಇದರ ಬದಲು ನುರಿತ ಕೆಲಸಗಾರರಿಗೆಂದು ನೆದರ್ಲೆಂಡ್ಸಿನದೇ ಆದ ಕೆನಿಸ್‌ಮಿಗ್ರಾಂಟ್ ಪರವಾನಗಿ ಮಾಡಿಸುತ್ತವೆ. ನೋಂದಣಿ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಗೆಮೆಂಟೆಗೆ ಬೇಕಾದದ್ದು ನೀವು ಕಾನೂನುಬದ್ಧವಾಗಿ ಇದ್ದೀರಿ ಎನ್ನುವ ಐಎನ್‌ಡಿ ಪತ್ರ ಅಥವಾ ಕಾರ್ಡು.

ಬಿಆರ್‌ಪಿಯೋ ಆರ್‌ಎನ್‌ಐಯೋ

ಆರು ತಿಂಗಳ ಅವಧಿಯಲ್ಲಿ ನಾಲ್ಕು ತಿಂಗಳಾದರೂ ನೆದರ್ಲೆಂಡ್ಸಿನಲ್ಲಿ ಇರುವ ಉದ್ದೇಶವಿದ್ದರೆ ಬಂದ 5 ದಿನದೊಳಗೆ ನೀವು ವಾಸಿಸುವ ಊರಿನ ಗೆಮೆಂಟೆಗೆ ತಿಳಿಸಬೇಕು. ಜರ್ಮನಿಯ ಎರಡು ವಾರದ ಗಡುವಿಗೆ ಒಗ್ಗಿಕೊಂಡವರಿಗೆ ಇದು ಬಿಗಿ ಅನಿಸುತ್ತದೆ. ದೊಡ್ಡ ಊರುಗಳಲ್ಲಿ 5 ದಿನದೊಳಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಅಪರೂಪ. ಆ ಅವಧಿಯೊಳಗೆ ಸಮಯ ಕೇಳಿದ್ದಕ್ಕೆ ಬಂದ ಇಮೇಲ್ ಜೋಪಾನ ಮಾಡಿ, ಮುಂದೆ ಯಾರಾದರೂ ತಡವೇಕೆ ಎಂದು ಕೇಳಿದರೆ ಅದೇ ಉತ್ತರ. ಹೊರಡುವ ಮೊದಲೇ ಸಮಯ ಕಾದಿರಿಸಲು ಬಿಡುವ ಗೆಮೆಂಟೆಗಳೂ ಉಂಟು.

ಆರ್‌ಎನ್‌ಐ ಇರುವುದು ನಾಲ್ಕು ತಿಂಗಳಿಗಿಂತ ಕಡಿಮೆ ಇರುವವರಿಗೆ, ಇಲ್ಲವೇ ಹೊರದೇಶದಲ್ಲಿ ವಾಸಿಸುತ್ತ ಇಲ್ಲಿ ದುಡಿಯುವವರಿಗೆ. ಈ ಪಟ್ಟಿಯ ಕೌಂಟರು 19 ಗೆಮೆಂಟೆಗಳಲ್ಲಿ ಮಾತ್ರ ಇದೆ. ಆಮ್‌ಸ್ಟರ್‌ಡಾಮ್, ರೋಟರ್‌ಡಾಮ್, ಹೇಗ್, ಉಟ್ರೆಕ್ಟ್, ಐಂಡ್‌ಹೋವನ್, ವೆನ್ಲೋ, ನೈಮೇಖನ್ ಅವುಗಳಲ್ಲಿ ಕೆಲವು. ಯಾವುದಕ್ಕೆ ಬೇಕಾದರೂ ಹೋಗಬಹುದು, ವಾಸದ ಊರೇ ಆಗಬೇಕೆಂದಿಲ್ಲ. ಆಮ್‌ಸ್ಟರ್‌ಡಾಮಿನಲ್ಲಿ ಸಮಯ ಸಿಗದಿದ್ದರೆ ರೈಲು ಹತ್ತಿ ಸಣ್ಣ ಊರಿಗೆ ಹೋಗಿ ಬರುವುದು ಜಾಣತನ. ಪಾಸ್‌ಪೋರ್ಟು ಮತ್ತು ಹೊರದೇಶದ ವಿಳಾಸ ಸಾಕು. ಜನನ ಪ್ರಮಾಣಪತ್ರ, ಬಾಡಿಗೆ ಕರಾರು ಯಾವುದನ್ನೂ ಕೇಳುವುದಿಲ್ಲ. 9 ಅಂಕಿಯ ಬಿಎಸ್‌ಎನ್ ನಂಬರು ಸಾಮಾನ್ಯವಾಗಿ ಅಲ್ಲೇ ಕೈಗೆ ಬರುತ್ತದೆ.

ಜನ ಆರ್‌ಎನ್‌ಐ ಕಡೆ ಓಡುವುದು ಸಂಬಳದ ಕಾರಣಕ್ಕೆ. ಉದ್ಯೋಗಿಯ ಬಿಎಸ್‌ಎನ್ ಸಿಗದಿದ್ದರೆ ಕಂಪನಿ ಅನಾಮಧೇಯ ದರದಲ್ಲಿ, ಅಂದರೆ 52 ಪರ್ಸೆಂಟ್, ತೆರಿಗೆ ಹಿಡಿಯಬೇಕಾಗುತ್ತದೆ. ಹೆಚ್ಚು ಹಿಡಿದದ್ದು ಮುಂದಿನ ವರ್ಷ ತೆರಿಗೆ ಲೆಕ್ಕ ಸಲ್ಲಿಸಿದಾಗ ಹೊಂದಾಣಿಕೆ ಆಗುತ್ತದೆ, ನಿಜ. ಆದರೆ ಎರಡು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ಕೊಟ್ಟು ಮನೆ ಹಿಡಿದ ತಿಂಗಳಲ್ಲಿ ಅರ್ಧ ಸಂಬಳ ಕೈತಪ್ಪಿದರೆ ನಡೆಸುವುದು ಕಷ್ಟ.

ಹಾಗಾದರೆ ಎಲ್ಲರೂ ಮೊದಲು ಆರ್‌ಎನ್‌ಐ ಮಾಡಿಸಬಾರದೇಕೆ? ಬಿಎಸ್‌ಎನ್ ಹೇಗೂ ಅದೇ ಮುಂದುವರಿಯುತ್ತದೆ. ತೊಂದರೆ ಇರುವುದು ಅಲ್ಲಿಗೇ ನಿಂತುಬಿಡುವುದರಲ್ಲಿ. ಆರ್‌ಎನ್‌ಐನಲ್ಲಿರುವವರು ಸರ್ಕಾರದ ಕಣ್ಣಿಗೆ ನೆದರ್ಲೆಂಡ್ಸಿನಲ್ಲಿ ವಾಸಿಸುವವರಲ್ಲ. ಸರ್ಕಾರಿ ಸೇವೆಗಳಿಗೆ ಬೇಕಾದ ಆನ್‌ಲೈನ್ ಲಾಗಿನ್ ಆದ ಡಿಜಿಡಿಯನ್ನು ನಿವಾಸಿಯಂತೆ ಪಡೆಯಲಾಗದು, ಕಾರು ನಿಲ್ಲಿಸುವ ಪರವಾನಗಿ ಇಲ್ಲ, ವಾಸದ ವರ್ಷಗಳ ಲೆಕ್ಕಕ್ಕೆ ಆಧಾರವೂ ಇಲ್ಲ. ಪೌರತ್ವದ ಯೋಚನೆ ಇದ್ದವರಿಗೆ ಈ ಕೊನೆಯದು ಮುಖ್ಯ, ಮುಂದೆ ವಾಸದ ಪುರಾವೆ ಕೇಳಿದಾಗ ಎಲ್ಲರೂ ಮೊದಲು ನೋಡುವುದು ಬಿಆರ್‌ಪಿಯ ದಾಖಲೆಯನ್ನೇ. ನಂಬರು ಸಿಕ್ಕಿತಲ್ಲ, ಸಂಬಳ ಬರುತ್ತಿದೆಯಲ್ಲ ಎಂದು ವರ್ಷಗಟ್ಟಲೆ ಆರ್‌ಎನ್‌ಐನಲ್ಲೇ ಉಳಿದವರು ಕೊನೆಗೆ ಬಿಆರ್‌ಪಿಗೆ ಬರುವಾಗ ಮೊದಲ ದಿನ ಕೊಡಬೇಕಿದ್ದ ಅದೇ ಎಲ್ಲ ಕಾಗದ ಕೊಡಲೇಬೇಕು. ಆರ್‌ಎನ್‌ಐ ಯಾವ ಕಾಗದವನ್ನೂ ಉಳಿಸಿಕೊಡುವುದಿಲ್ಲ, ದಿನಾಂಕವನ್ನು ಮಾತ್ರ ಮುಂದೆ ತಳ್ಳುತ್ತದೆ.

ಹೀಗೆ ನೋಡಿ ಆಯ್ಕೆ ಮಾಡಿ: ಗೆಮೆಂಟೆಯ ಅಪಾಯಿಂಟ್‌ಮೆಂಟ್ ಮೊದಲ ಸಂಬಳದ ಲೆಕ್ಕ ಮುಗಿಯುವುದರೊಳಗೆ ಇದ್ದರೆ ನೇರ ಬಿಆರ್‌ಪಿ. ಅದಕ್ಕಿಂತ ತಡವಾಗಿದ್ದರೆ, ಅಥವಾ ಮೊದಲ ತಿಂಗಳು ನೋಂದಣಿ ಕೊಡದ ಹೋಟೆಲಿನಲ್ಲಿ ಕಳೆಯಬೇಕಿದ್ದರೆ, ಆರ್‌ಎನ್‌ಐ ಮಾಡಿಸಿ. ಬಿಆರ್‌ಪಿಯ ಅಪಾಯಿಂಟ್‌ಮೆಂಟನ್ನು ಮಾತ್ರ ರದ್ದು ಮಾಡಬೇಡಿ.

ಒಂದು ಎಚ್ಚರಿಕೆ. ಯಾವ ದೇಶಕ್ಕೆ ತೆರಿಗೆ ಕಟ್ಟಬೇಕು ಎಂಬುದನ್ನು ಈ ಪಟ್ಟಿಗಳು ತೀರ್ಮಾನಿಸುವುದಿಲ್ಲ. ಮನೆ, ಸಂಸಾರ, ಕೆಲಸ ಎಲ್ಲಿದೆ ಎಂದು ವಾಸ್ತವ ನೋಡುತ್ತಾರೆ. ಆರ್‌ಎನ್‌ಐನಲ್ಲಿದ್ದೇನೆ, ಹಾಗಾಗಿ ನಾನು ಇಲ್ಲಿನ ತೆರಿಗೆ ನಿವಾಸಿಯಲ್ಲ ಎನ್ನುವ ವಾದ ನಿಲ್ಲುವುದಿಲ್ಲ. ವರ್ಷದ ಮಧ್ಯೆ ಬಂದವರು ಆ ವರ್ಷಕ್ಕೆ ಎಂ ಫಾರ್ಮ್ ಎನ್ನುವ ಉದ್ದನೆಯ ತೆರಿಗೆ ಅರ್ಜಿ ತುಂಬಬೇಕು.

ವಿಳಾಸ: ಎಲ್ಲವೂ ಇಲ್ಲಿ ನಿಂತಿದೆ

ಹೊಸಬರಿಗೆ ಸಿಗುವ ಮನೆಗಳು ಸುಮಾರಾಗಿ ನಾಲ್ಕು ಬಗೆ, ನೋಂದಣಿಯ ಮಟ್ಟಿಗೆ ನಾಲ್ಕರ ಗುಣವೂ ಬೇರೆ.

ಮನೆ ಮಾಲೀಕರೊಂದಿಗೆ ನಿಮ್ಮದೇ ಹೆಸರಿನ ಬಾಡಿಗೆ ಕರಾರು ಇದ್ದರೆ ಯೋಚನೆಯೇ ಇಲ್ಲ. ಕರಾರು, ಪಾಸ್‌ಪೋರ್ಟು ತೋರಿಸಿದರೆ ಆಯಿತು. ಜರ್ಮನಿಯಲ್ಲಿ ಆನ್‌ಮೆಲ್ಡುಂಗ್‌ಗೆ, ಅಂದರೆ ವಿಳಾಸದ ನೋಂದಣಿಗೆ, ಮಾಲೀಕರು ಬೇರೆಯೇ ಒಂದು ದೃಢೀಕರಣ ಫಾರ್ಮ್ ತುಂಬಿಕೊಡಬೇಕು, ಬಾಡಿಗೆ ಕರಾರು ಅದಕ್ಕೆ ಸಮವಲ್ಲ. ನೆದರ್ಲೆಂಡ್ಸಿನಲ್ಲಿ ಉಲ್ಟಾ, ಸಹಿ ಹಾಕಿದ ಕರಾರೇ ಮುಖ್ಯ. ಎರಡೂ ಕಡೆ ಸಹಿ ಇರಬೇಕು. ಇಮೇಲಿನಲ್ಲಿ ಬಂದ, ಮಾಲೀಕರ ಸಹಿ ಇಲ್ಲದ ಪ್ರತಿ ಒಯ್ದವರು ವಾಪಸ್ ಬರುತ್ತಾರೆ. ಠೇವಣಿ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, 2023ರ ಜುಲೈ 1ರಿಂದ ಇದು ಕಾನೂನು. ಮೂರು ತಿಂಗಳದ್ದು ಕೇಳುವವರು ಉಳಿದ ನಿಯಮಗಳನ್ನೂ ಪಾಲಿಸುವವರಲ್ಲ ಎಂದು ಊಹಿಸಿಕೊಳ್ಳಬಹುದು.

ಎರಡನೆಯದು ಸರ್ವೀಸ್ ಅಪಾರ್ಟ್‌ಮೆಂಟ್, ಹೆಚ್ಚಾಗಿ ಕಂಪನಿಯೇ ಮೊದಲ ತಿಂಗಳು ಎರಡು ತಿಂಗಳಿಗೆ ಕೊಡಿಸುವಂಥದ್ದು. ಇಲ್ಲಿ ಏಕರೂಪ ಇಲ್ಲ. ಕೆಲವು ಕಟ್ಟಡಗಳಲ್ಲಿ ಮೊದಲ ದಿನದಿಂದಲೇ ನೋಂದಣಿಗೆ ಪತ್ರ ಕೊಡುತ್ತಾರೆ, ಕೆಲವರು ಇಷ್ಟು ತಿಂಗಳಾದರೂ ಉಳಿಯಬೇಕು ಎನ್ನುತ್ತಾರೆ, ಕೆಲವರು ಕೊಡುವುದೇ ಇಲ್ಲ. ಬಾಯಿಮಾತಿಗೆ ಬೆಲೆ ಇಲ್ಲ, ಬುಕಿಂಗ್ ಪತ್ರದಲ್ಲೇ ಬರೆಸಿಕೊಳ್ಳಿ. ಕಂಪನಿಯ ಎಚ್ಆರ್‌ಗೆ ಇದು ಹೊಳೆಯದೇ ಇರಬಹುದು, ಅವರು ನೋಡುವುದು ಕಚೇರಿಗೆ ಎಷ್ಟು ದೂರ, ದರ ಎಷ್ಟು ಎಂದು. ನೋಂದಣಿ ಆಗುವ ಅಪಾರ್ಟ್‌ಮೆಂಟ್ ಬೇಕೆಂದು ನೀವೇ ಕೇಳಬೇಕು. ತುಸು ಹೆಚ್ಚು ದುಡ್ಡಾದರೂ ನಮ್ಮ ಮತ ಇದಕ್ಕೇ. ಒಮ್ಮೆ ಬಿಆರ್‌ಪಿ ಸೇರಿದ ಮೇಲೆ ಮುಂದಿನ ಮನೆಗೆ ಹೋಗುವುದು ಡಿಜಿಡಿ ಮೂಲಕ ಕುಳಿತಲ್ಲೇ ಆಗುವ ಕೆಲಸ. ಸ್ಥಳಾಂತರಕ್ಕೆ 4 ವಾರ ಮೊದಲಿನಿಂದ 5 ದಿನ ನಂತರದವರೆಗೆ ಹೊಸ ಊರಿನ ಗೆಮೆಂಟೆಗೆ ತಿಳಿಸಿದರೆ ಆಯಿತು. ಕಷ್ಟವೆಲ್ಲ ಮೊದಲ ನೋಂದಣಿಯಲ್ಲಿ ಮಾತ್ರ.

ಮೂರನೆಯದು ಗೆಳೆಯರ ಮನೆ. ಆಮ್‌ಸ್ಟಲ್‌ವೇನ್ ಕಡೆ ಭಾರತೀಯ ಕುಟುಂಬಗಳು ಬಹಳ ಇರುವುದರಿಂದ ಇದು ಸಾಮಾನ್ಯ. ಮನೆಯ ಮುಖ್ಯ ನಿವಾಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ತಮ್ಮ ಗುರುತಿನ ಚೀಟಿಯ ಪ್ರತಿ ಕೊಡಬೇಕು. ಅವರು ಬಾಡಿಗೆಯವರಾದರೆ ತಮ್ಮ ಮಾಲೀಕರನ್ನೂ ಕೇಳುವುದು ಒಳ್ಳೆಯದು. ಅವರಿಗೆ ಇದರಿಂದ ಏನಾಗುತ್ತದೆ ಎಂದು ನೀವೇ ಮೊದಲು ಹೇಳಿಬಿಡಿ: ಬಾಡಿಗೆ ಸಹಾಯಧನ ಪಡೆಯುವವರಾದರೆ ನಿಮ್ಮ ಆದಾಯವೂ ಲೆಕ್ಕಕ್ಕೆ ಸೇರುತ್ತದೆ, ಮನೆಯಲ್ಲಿರುವವರ ಸಂಖ್ಯೆ ನೋಡಿ ಕಸದ ಶುಲ್ಕ ಹಾಕುವ ಊರುಗಳಲ್ಲಿ ಅದೂ ಏರುತ್ತದೆ, ಒಂದೇ ಕುಟುಂಬವಲ್ಲದ ವಯಸ್ಕರು ಇಷ್ಟು ಜನರಿಗಿಂತ ಹೆಚ್ಚಾದರೆ ಕೆಲವು ಊರುಗಳಲ್ಲಿ ಮಾಲೀಕರು ಪರವಾನಗಿ ಪಡೆಯಬೇಕಾಗುತ್ತದೆ. ಮತ್ತೆ, ನೀವು ನಿಜವಾಗಿ ಅಲ್ಲೇ ಮಲಗಿ ಏಳಬೇಕು. ಹೆಸರು ಆಮ್‌ಸ್ಟಲ್‌ವೇನಿನಲ್ಲಿ, ವಾಸ ರೋಟರ್‌ಡಾಮಿನಲ್ಲಿ ಎಂದಾದರೆ ಅದು ಸುಳ್ಳು ವಿಳಾಸ. ಗೆಮೆಂಟೆಯವರು ಅನುಮಾನ ಬಂದರೆ ಮನೆ ಬಾಗಿಲಿಗೆ ಬಂದು ವಿಚಾರಿಸುತ್ತಾರೆ, 325 ಯೂರೋ ತನಕ ದಂಡ ಹಾಕಬಹುದು. ಪತ್ರಕ್ಕಷ್ಟೇ ಒಂದು ವಿಳಾಸ ಕೊಡುವ ಏರ್ಪಾಡೂ ಕಾನೂನಿನಲ್ಲಿದೆ. ಅದು ಮನೆಯೇ ಇಲ್ಲದವರಿಗೆ, ಎರಡು ಮನೆಗಳ ನಡುವೆ ಸಿಕ್ಕಿಕೊಂಡವರಿಗೆ, ಸುರಕ್ಷತೆಯ ಕಾರಣವಿರುವವರಿಗೆ. ಅನುಕೂಲಕ್ಕಾಗಿ ಕೇಳಿದರೆ ಕೊಡುವುದಿಲ್ಲ.

ನಾಲ್ಕನೆಯದು ‘ನೋಂದಣಿ ಸಾಧ್ಯವಿಲ್ಲ’ ಎಂದು ಜಾಹೀರಾತಿನಲ್ಲೇ ಬರೆದಿರುವ ಅಗ್ಗದ ಕೋಣೆ. ಬೇಡ. ಮಾಲೀಕರು ಹೀಗೆ ಬರೆಯುವುದಕ್ಕೆ ಕಾರಣ ಇರುತ್ತದೆ. ಸರ್ಕಾರಿ ನೆರವಿನ ಮನೆಯನ್ನು ಕದ್ದು ಮರುಬಾಡಿಗೆಗೆ ಕೊಟ್ಟಿರಬಹುದು, ಬ್ಯಾಂಕ್ ಸಾಲದ ಷರತ್ತಿನಂತೆ ಬಾಡಿಗೆಗೆ ಬಿಡುವಂತಿಲ್ಲದಿರಬಹುದು, ಮಿತಿಗಿಂತ ಹೆಚ್ಚು ಜನರನ್ನು ತುಂಬಿರಬಹುದು. ವಾಸಿಸುವ ಜಾಗದಲ್ಲಿ ಹೆಸರು ಬರೆಸುವುದು ನಿಮ್ಮ ಕರ್ತವ್ಯ, ಮಾಲೀಕರು ಕರಾರಿನಲ್ಲಿ ಏನೇ ಬರೆದರೂ ಅದು ತಪ್ಪುವುದಿಲ್ಲ. ನೀವು ನಿಜಕ್ಕೂ ಅಲ್ಲಿದ್ದೀರಿ ಎಂದು ತೋರಿಸಿದರೆ ಗೆಮೆಂಟೆ ದಾಖಲಿಸಬೇಕು ಕೂಡ. ಆದರೆ ಆ ಜಗಳ ಮುಗಿಯುವುದರೊಳಗೆ ಕೋಣೆಯೂ ಠೇವಣಿಯೂ ಹೋಗಿರುತ್ತದೆ.

ಕರಾರಿಗೆ ಸಹಿ ಹಾಕುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ನೆದರ್ಲೆಂಡ್ಸಿನ ಪ್ರತಿ ಕಟ್ಟಡ, ವಿಳಾಸವೂ ಬಿಎಜಿ ಎಂಬ ಸರ್ಕಾರಿ ದಾಖಲೆಯಲ್ಲಿದೆ, ಬಿಎಜಿ ವ್ಯೂವರ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪಿನ್‌ಕೋಡ್ ಮತ್ತು ಮನೆ ಸಂಖ್ಯೆ ಹಾಕಿ. ಮೊದಲು, ಆ ವಿಳಾಸ ನಿಜವಾಗಿ ಇದೆಯೇ ನೋಡಿ. ಒಂದು ಮನೆಯನ್ನು ಗೋಡೆ ಎಬ್ಬಿಸಿ ಮೂರು ಮಾಡಿ 24ಎ, 24ಬಿ ಎಂದು ತಾವೇ ಹೆಸರಿಟ್ಟುಕೊಂಡ ಮಾಲೀಕರಿದ್ದಾರೆ, ದಾಖಲೆಯಲ್ಲಿ ಬರೀ 24 ಇರುತ್ತದೆ. ಆಮೇಲೆ ಬಳಕೆಯ ಉದ್ದೇಶ ನೋಡಿ. ‘ವೋನ್‌ಫಂಕ್ಸಿ’ ಎಂದಿದ್ದರೆ ವಾಸದ ಮನೆ. ‘ಲೊಜೀಸ್‌ಫಂಕ್ಸಿ’ ಎಂದರೆ ವಸತಿಗೃಹ, ‘ಕಾಂಟೋರ್‌ಫಂಕ್ಸಿ’ ಎಂದರೆ ಕಚೇರಿ. ಕೊನೆಯ ಎರಡು ಕಂಡರೆ ಸಹಿಗೆ ಮೊದಲೇ ಗೆಮೆಂಟೆಗೆ ಫೋನು ಮಾಡಿ ಕೇಳಿ. ಕರಾರಿನಲ್ಲಿರುವ ಮನೆ ಸಂಖ್ಯೆಯ ಬಾಲವೂ ದಾಖಲೆಯಲ್ಲಿರುವುದೂ ಅಕ್ಷರಶಃ ಒಂದೇ ಇರಬೇಕು.

ಬಾಲದ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಅಂಚೆ. ಡಿಜಿಡಿಯ ಸಕ್ರಿಯಗೊಳಿಸುವ ಕೋಡು, ತೆರಿಗೆ ಇಲಾಖೆಯ ಪತ್ರ ಎಲ್ಲ ಬಿಆರ್‌ಪಿ ವಿಳಾಸಕ್ಕೇ ಬರುವುದು. ಜರ್ಮನಿಯಲ್ಲಿ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಇಲ್ಲಿ ಹೆಸರಿಗಿಂತ ಸಂಖ್ಯೆ ಮುಖ್ಯ, ಆದ್ದರಿಂದ ಸಂಖ್ಯೆ ತಪ್ಪಿದರೆ ನಿಮ್ಮ ಕೋಡು ಕೆಳಗಿನ ಮಹಡಿಯವರ ಡಬ್ಬಿಯಲ್ಲಿ ಬೀಳುತ್ತದೆ.

ಗೆಮೆಂಟೆ ಕೌಂಟರೋ ಎಕ್ಸ್‌ಪ್ಯಾಟ್ ಕೇಂದ್ರವೋ

ನಿಮ್ಮದು ಕೆನಿಸ್‌ಮಿಗ್ರಾಂಟ್ ಪರವಾನಗಿ ಆಗಿದ್ದು ಕಂಪನಿ ಒಪ್ಪಿದರೆ ಹೊರದೇಶದಿಂದ ಕೆಲಸಕ್ಕೆ ಬಂದವರಿಗೆಂದೇ ಇರುವ ಎಕ್ಸ್‌ಪ್ಯಾಟ್ ಕೇಂದ್ರವೇ ಮೇಲು. ಆಮ್‌ಸ್ಟರ್‌ಡಾಮ್ ಸುತ್ತಿನವರಿಗೆ ಐಎನ್ ಆಮ್‌ಸ್ಟರ್‌ಡಾಮ್, ಐಂಡ್‌ಹೋವನ್ ಕಡೆಯವರಿಗೆ ಹಾಲೆಂಡ್ ಎಕ್ಸ್‌ಪ್ಯಾಟ್ ಸೆಂಟರ್ ಸೌತ್, ಹೇಗ್‌ನವರಿಗೆ ದ ಹೇಗ್ ಇಂಟರ್‌ನ್ಯಾಷನಲ್ ಸೆಂಟರ್. ಐಎನ್‌ಡಿಯ ಕಾರ್ಡು, ಬಿಆರ್‌ಪಿ ನೋಂದಣಿ ಎರಡೂ ಒಂದೇ ಭೇಟಿಯಲ್ಲಿ, ಇಂಗ್ಲಿಷಿನಲ್ಲಿ ಮುಗಿಯುತ್ತವೆ. ಗೆಮೆಂಟೆಯಲ್ಲಿ ನೋಂದಣಿಗೆ ಶುಲ್ಕವಿಲ್ಲ, ಕೇಂದ್ರದ ಸೇವೆಗೆ ಶುಲ್ಕವಿದ್ದರೆ ಸಾಮಾನ್ಯವಾಗಿ ಕಂಪನಿ ಭರಿಸುತ್ತದೆ. ಈ ಕೇಂದ್ರಗಳು ಸುತ್ತಮುತ್ತಲ ನಿರ್ದಿಷ್ಟ ಗೆಮೆಂಟೆಗಳಿಗೆ ಮಾತ್ರ ಸೇವೆ ಕೊಡುತ್ತವೆ. ಬಾಡಿಗೆ ಕಡಿಮೆ ಎಂದು ಪಟ್ಟಿಯಾಚೆಯ ಊರಿನಲ್ಲಿ ಮನೆ ಹಿಡಿದರೆ ಅಲ್ಲಿನ ಗೆಮೆಂಟೆಗೇ ಹೋಗಬೇಕು. ಅದೇನೂ ನಷ್ಟವಲ್ಲ, ಸಣ್ಣ ಊರುಗಳಲ್ಲಿ ಸಮಯ ಬೇಗ ಸಿಗುತ್ತದೆ. ಎಲ್ಲಿಗೆ ಹೋದರೂ ಕುಟುಂಬದವರೆಲ್ಲ, ಕೈಗೂಸೂ ಸೇರಿ, ಖುದ್ದಾಗಿ ಹಾಜರಿರಬೇಕು.

ಕರ್ನಾಟಕದಿಂದ ತರಿಸಬೇಕಾದ ಕಾಗದ

ಜರ್ಮನಿಯಲ್ಲಿ ಪಾಸ್‌ಪೋರ್ಟು, ಮಾಲೀಕರ ಫಾರ್ಮ್ ಕೊಟ್ಟು ಹದಿನೈದು ನಿಮಿಷದಲ್ಲಿ ಆನ್‌ಮೆಲ್ಡುಂಗ್ ಮುಗಿಸಿದವರು ಇಲ್ಲಿಯೂ ಅಷ್ಟೇ ಎಂದುಕೊಳ್ಳುತ್ತಾರೆ. ಬಿಆರ್‌ಪಿ ನಿಮ್ಮ ಹುಟ್ಟು, ಮದುವೆ, ಮಕ್ಕಳನ್ನೂ ದಾಖಲಿಸುತ್ತದೆ. ಜನನ ಪ್ರಮಾಣಪತ್ರ, ಮದುವೆಯಾದವರಾದರೆ ವಿವಾಹ ನೋಂದಣಿ ಪತ್ರ, ಎರಡಕ್ಕೂ ಭಾರತದ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಪತ್ರ ಅಸಲಿ ಎಂದು ಹೊರದೇಶಗಳೂ ಒಪ್ಪುವ ಮುದ್ರೆ, ಬೇಕು. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಸಚಿವಾಲಯದ್ದು. ಹೇಗ್‌ನಲ್ಲಿರುವ ನಮ್ಮ ರಾಯಭಾರ ಕಚೇರಿ ಅಪೋಸ್ಟಿಲ್ ಹಾಕುವುದಿಲ್ಲ, ಮೂಲ ಪತ್ರ ಊರಿಗೆ ಹೋಗಿ ಬರಬೇಕು. ವಾರಗಳ ಕೆಲಸ, ಆದ್ದರಿಂದ ಕೆಲಸದ ಪತ್ರ ಕೈಗೆ ಬಂದ ದಿನವೇ ಶುರು ಮಾಡಿ.

ಎಡವುವುದು ಇಂಥ ಕಡೆ: ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಆಗುವುದಿಲ್ಲ, ಹೊಸ ಪ್ರತಿ ತೆಗೆಸಬೇಕು. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ನಾಮಕರಣಕ್ಕೆ ಮೊದಲೇ ಬರೆಸಿದ್ದು. ಹೆಸರು ಸೇರಿಸಿದ ಪ್ರತಿಯೇ ಆಗಬೇಕು. ಪೂರ್ತಿ ಕನ್ನಡದಲ್ಲಿರುವ ಪತ್ರ ಇದ್ದರೆ ಇಂಗ್ಲಿಷೂ ಇರುವ ಹೊಸ ಪ್ರತಿ ತೆಗೆಸುವುದು ಅನುವಾದ ಮಾಡಿಸುವುದಕ್ಕಿಂತ ಅಗ್ಗ. ಇಂಗ್ಲಿಷ್, ಡಚ್, ಜರ್ಮನ್, ಫ್ರೆಂಚ್ ಪತ್ರಗಳಿಗೆ ಅನುವಾದ ಬೇಡ. ಛತ್ರದ ರಸೀದಿ, ದೇವಸ್ಥಾನದ ಪತ್ರ, ಲಗ್ನಪತ್ರಿಕೆ ಇವು ಇಲ್ಲಿ ಯಾವ ಲೆಕ್ಕಕ್ಕೂ ಇಲ್ಲ, ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರವೇ ಬೇಕು.

ಊರಿನ ಹೆಸರೂ ಕಾಡುತ್ತದೆ. 2014ರ ನವೆಂಬರ್ 1ರಿಂದ ಬ್ಯಾಂಗಲೋರ್ ಬೆಂಗಳೂರಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು. ಜನನ ಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಎರಡೂ ಒಂದೇ ಊರು ಎಂದು ಮೊದಲೇ ಹೇಳಿ. ಇನ್ನು ಸರ್‌ನೇಮ್. ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ ಇರುವ ನಮ್ಮವರ ಪಾಸ್‌ಪೋರ್ಟಿನಲ್ಲಿ ಆ ಕಲಮು ಎಷ್ಟೋ ಸಲ ಖಾಲಿ. ಒಂದೇ ಹೆಸರಿರುವವರ ಹೆಸರು ಬಿಆರ್‌ಪಿಯಲ್ಲಿ ಸರ್‌ನೇಮಿನ ಜಾಗಕ್ಕೆ ಹೋಗುತ್ತದೆ. ಕಂಪನಿ, ಬ್ಯಾಂಕು, ವಿಮೆಯವರು ತಮಗೆ ತೋಚಿದಂತೆ ಒಡೆದು ಬರೆದುಕೊಂಡರೆ ಮುಂದೆ ಒಂದಕ್ಕೊಂದು ತಾಳೆ ಆಗುವುದಿಲ್ಲ. ಕೌಂಟರು ಬಿಡುವ ಮೊದಲು ದಾಖಲಾದದ್ದನ್ನು ಮುದ್ರಿಸಿಕೊಡಲು ಕೇಳಿ, ಹೆಸರು, ಹುಟ್ಟಿದ ಊರು, ವೈವಾಹಿಕ ಸ್ಥಿತಿ ಮೂರನ್ನೂ ಅಲ್ಲೇ ಓದಿ. ಬಿಎಸ್‌ಎನ್ ಬಂದ ಮೇಲೆ ತಿದ್ದಿಸುವುದು ನಿಧಾನದ ಕೆಲಸ.

ಅಪೋಸ್ಟಿಲ್ ಬಂದಿಲ್ಲದಿದ್ದರೆ ಅಪಾಯಿಂಟ್‌ಮೆಂಟ್ ಮುಂದೂಡಬೇಕೇ? ಬೇಡ. ಪಾಸ್‌ಪೋರ್ಟಿನ ಮೇಲೆ ಅಥವಾ ಪ್ರಮಾಣ ಮಾಡಿ ಹೇಳಿದ ವಿವರದ ಮೇಲೆ ನೋಂದಾಯಿಸಿ, ಕಾಗದ ಆಮೇಲೆ ತನ್ನಿ ಎನ್ನುವ ಗೆಮೆಂಟೆಗಳೇ ಹೆಚ್ಚು. ತಂದುಕೊಡುವುದನ್ನು ಮಾತ್ರ ಮರೆಯಬೇಡಿ. ಮದುವೆ ದಾಖಲಾಗದೆ ಇಲ್ಲಿ ಮಗು ಹುಟ್ಟಿದರೆ ತಂದೆಯ ಹೆಸರು ತಾನಾಗಿ ಸೇರುವುದಿಲ್ಲ, ಮಗು ನನ್ನದು ಎಂದು ತಂದೆ ಪ್ರತ್ಯೇಕವಾಗಿ ಅಂಗೀಕರಿಸಬೇಕಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಮಕ್ಕಳ ವಿಷಯ ಸಲೀಸು: ಹೊರಡುವ ಮೊದಲು ಅಲ್ಲಿನ ಜನನ ಮರಣ ವಿವಾಹ ನೋಂದಣಿ ಕಚೇರಿಯಾದ ಸ್ಟಾಂಡೆಸಾಮ್ಟ್‌ನಿಂದ ಅಂತರರಾಷ್ಟ್ರೀಯ ಮಾದರಿಯ ಜನನ ಪತ್ರ ತೆಗೆದುಕೊಳ್ಳಿ, ಅದಕ್ಕೆ ಅಪೋಸ್ಟಿಲ್ಲೂ ಬೇಡ, ಅನುವಾದವೂ ಬೇಡ.

ಜರ್ಮನಿಯ ಹೆಸರು ತೆಗೆಸುವುದೋ ಇಟ್ಟುಕೊಳ್ಳುವುದೋ

ಜರ್ಮನಿಯೊಳಗೆ ಮನೆ ಬದಲಿಸಿದರೆ ಹಳೆಯ ಊರಿನಲ್ಲಿ ಏನೂ ಮಾಡಬೇಕಿಲ್ಲ. ದೇಶ ಬಿಟ್ಟು ಹೋಗುವಾಗ, ಅಲ್ಲಿ ಬೇರೆ ಮನೆ ಉಳಿದಿಲ್ಲವಾದರೆ, ಪಟ್ಟಿಯಿಂದ ಹೆಸರು ತೆಗೆಸುವ ಆಬ್‌ಮೆಲ್ಡುಂಗ್ ಕಡ್ಡಾಯ: ಮನೆ ಬಿಡುವ ಒಂದು ವಾರ ಮೊದಲಿನಿಂದ, ಬಿಟ್ಟ ಎರಡು ವಾರದ ತನಕ. ನೆದರ್ಲೆಂಡ್ಸಿಗೆ ಬಂದ ಮೇಲೂ ಅಂಚೆಯಲ್ಲಿ ಕಳಿಸಬಹುದು.

ಆಬ್‌ಮೆಲ್ಡುಂಗ್ ಮಾಡಿಸದೆ ಸುಮ್ಮನಿದ್ದರೆ ಬ್ಲೂ ಕಾರ್ಡು ಜೀವಂತ ಇರುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ತಪ್ಪು. ಜರ್ಮನಿಯ ಕಾನೂನು ನೋಡುವುದು ನೀವು ತಾತ್ಕಾಲಿಕವಲ್ಲದ ಕಾರಣಕ್ಕೆ ದೇಶ ಬಿಟ್ಟಿರೋ ಇಲ್ಲವೋ ಎಂದು. ಅದು ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದಿಲ್ಲ. ನಿಜವಾಗಿ ವಾಪಸಾಗುವ ದಾರಿ ಬೇಕಿದ್ದವರು ಹೊರಡುವ ಮೊದಲು, ಅರ್ಹತೆ ಇದ್ದರೆ, ಯುರೋಪಿಯನ್ ಒಕ್ಕೂಟದ ದೀರ್ಘಾವಧಿ ನಿವಾಸ ಪರವಾನಗಿ ಮಾಡಿಸಿಕೊಳ್ಳಬೇಕು. ಅದು ಬೇರೊಂದು ಸದಸ್ಯ ದೇಶಕ್ಕೆ ಹೋದ ಮಾತ್ರಕ್ಕೆ ಬಿದ್ದುಹೋಗುವುದಿಲ್ಲ, ಜರ್ಮನಿಯಿಂದ 6 ವರ್ಷ ದೂರವಿದ್ದರೆ ಹೋಗುತ್ತದೆ. ಹೆಂಡತಿ ಮಕ್ಕಳು ಶಾಲೆಯ ವರ್ಷ ಮುಗಿಯುವ ತನಕ ಅಲ್ಲೇ ಇರುವುದಾದರೆ ಅವರ ಪರವಾನಗಿ ನಿಮ್ಮದಕ್ಕೆ ಜೋತುಬಿದ್ದಿದೆ ಎಂಬುದನ್ನು ಮರೆಯದೆ ಅಲ್ಲಿನ ವಿದೇಶಿಯರ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ.

ಮನೆಯನ್ನು ನಿಜವಾಗಿ ಇಟ್ಟುಕೊಂಡರೆ ಎರಡೂ ದೇಶಗಳಲ್ಲಿ ನೋಂದಣಿ ಇರುವುದು ಅಪರಾಧವಲ್ಲ. ಜರ್ಮನಿ ಹೊರದೇಶದ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಲ್ಲಿನ ಒಂದೇ ಮನೆ ‘ಏಕೈಕ ಮನೆ’ ಎಂದೇ ಉಳಿಯುತ್ತದೆ. ಆದರೆ ಬಳಕೆಗೆ ಸಿದ್ಧವಿರುವ ಮನೆ ಇದ್ದಷ್ಟು ದಿನ ಜರ್ಮನಿಯ ತೆರಿಗೆ ಇಲಾಖೆ ನಿಮ್ಮನ್ನು ತನ್ನ ನಿವಾಸಿ ಎನ್ನಬಹುದು, ತಿಂಗಳಿಗೆ 18.36 ಯೂರೋ ರೇಡಿಯೊ ಟಿವಿ ಶುಲ್ಕವೂ ನಿಲ್ಲುವುದಿಲ್ಲ. ಕೆಲವು ತಿಂಗಳ ಪ್ರಯೋಗದ ಕೆಲಸವಾದರೆ ಇದು ಸಹಿಸಬಹುದಾದ ಖರ್ಚು. ಇಲ್ಲವಾದರೆ ಕಡಿದುಕೊಳ್ಳುವುದೇ ಲೇಸು.

ಆಬ್‌ಮೆಲ್ಡುಂಗ್ ಪತ್ರ ಕೈಗೆ ಬಂದ ಮೇಲೆ ಅದನ್ನು ಹಂಚಬೇಕು, ತಾನಾಗಿ ಎಲ್ಲರಿಗೂ ತಿಳಿಯುವುದಿಲ್ಲ. ಆರೋಗ್ಯ ವಿಮೆಯ ಸಂಸ್ಥೆಯಾದ ಕ್ರಾಂಕನ್‌ಕಾಸೆಗೆ ತಿಳಿಸದಿದ್ದರೆ ಅವರು ನಿಮ್ಮನ್ನು ಸ್ವಯಂಪ್ರೇರಿತ ಸದಸ್ಯರೆಂದು ಮುಂದುವರಿಸುತ್ತಾರೆ, ಆದಾಯದ ಮಾಹಿತಿ ಸಿಗದಿದ್ದರೆ ಗರಿಷ್ಠ ದರದಲ್ಲಿ ಬಿಲ್ಲು ಕಳಿಸುತ್ತಾರೆ. ಬಾಕಿಗಳಲ್ಲಿ ದೊಡ್ಡದು ಇದೇ. ಮಕ್ಕಳ ಭತ್ಯೆ ಪಡೆಯುತ್ತಿದ್ದವರು ಅದನ್ನು ಕೊಡುವ ಕಚೇರಿಯಾದ ಫಮೀಲಿಯನ್‌ಕಾಸೆಗೆ ಹೇಳದಿದ್ದರೆ ಹಕ್ಕು ಮುಗಿದ ಮೇಲೆ ಪಡೆದದ್ದನ್ನೆಲ್ಲ ಹಿಂದಿರುಗಿಸಬೇಕು. ರೇಡಿಯೊ ಟಿವಿ ಶುಲ್ಕವನ್ನು ಬೇರೆಯೇ ರದ್ದು ಮಾಡಿಸಬೇಕು. ಇಂಟರ್‌ನೆಟ್ ಕರಾರನ್ನು ಹೊಸ ವಿಳಾಸದಲ್ಲಿ ಆ ಕಂಪನಿಯ ಸೇವೆ ಇಲ್ಲವೆಂಬ ಕಾರಣಕ್ಕೆ ಒಂದು ತಿಂಗಳ ನೋಟಿಸಿನಲ್ಲಿ ಮುಗಿಸಬಹುದು.

ಹೊರಡುವ ಮೊದಲು ಹಿಂದಿನ ವಿಳಾಸಗಳನ್ನೂ ತೋರಿಸುವ ವಿಸ್ತೃತ ನೋಂದಣಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಹೊರಗಿನಿಂದ ಬಂದ ನೌಕರರ ಸಂಬಳದ ಒಂದು ಭಾಗಕ್ಕೆ ತೆರಿಗೆ ಬಿಡುವ ನೆದರ್ಲೆಂಡ್ಸಿನ 30 ಪರ್ಸೆಂಟ್ ತೆರಿಗೆ ರಿಯಾಯಿತಿಗೆ, ಕೆಲಸ ಶುರುವಾಗುವ ಹಿಂದಿನ 24 ತಿಂಗಳಲ್ಲಿ 16ಕ್ಕಿಂತ ಹೆಚ್ಚು ತಿಂಗಳು ಡಚ್ ಗಡಿಯಿಂದ 150 ಕಿಲೋಮೀಟರಿಗಿಂತ ದೂರ ವಾಸವಿದ್ದ ಪುರಾವೆ ಬೇಕು. ಮ್ಯೂನಿಕ್, ಬರ್ಲಿನ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ನವರು ಪಾರು. ಕಲೋನ್, ಡ್ಯೂಸೆಲ್‌ಡಾರ್ಫ್, ಡಾರ್ಟ್‌ಮಂಡ್‌ನವರಿಗೆ ಸಿಗುವುದಿಲ್ಲ. ಸಂಬಳದ ಚೌಕಾಸಿ ಮಾಡುವಾಗಲೇ ಇದು ತಿಳಿದಿರಲಿ, 2027ರಿಂದ ಆ ಪ್ರಮಾಣ 27ಕ್ಕೆ ಇಳಿಯುತ್ತದೆ ಎಂಬುದೂ.

ಗಡಿಯಲ್ಲಿದ್ದು ದಾಟುವ ದಾರಿ

ಆಖನ್, ಕ್ಲೇವೆ, ಎಮರಿಖ್ ಕಡೆ ಮನೆ ಇಟ್ಟುಕೊಂಡು ನೆದರ್ಲೆಂಡ್ಸಿನಲ್ಲಿ ದುಡಿಯುವವರು ಬಹಳ. ಜರ್ಮನ್ ಪೌರತ್ವ ಪಡೆದವರಿಗೆ ಇದು ಸೊಗಸಾದ ಏರ್ಪಾಡು: ಆರ್‌ಎನ್‌ಐನಲ್ಲಿ ಬಿಎಸ್‌ಎನ್, ಜರ್ಮನಿಯಲ್ಲಿ ಮನೆ. ಭಾರತದ ಪಾಸ್‌ಪೋರ್ಟಿನವರಿಗೆ ಜರ್ಮನಿಯ ಬ್ಲೂ ಕಾರ್ಡು ಗಡಿಯಾಚೆ ದಿನವೂ ಕೆಲಸ ಮಾಡುವ ಹಕ್ಕು ಕೊಡುವುದಿಲ್ಲ, ಡಚ್ ಕೆಲಸದ ಪರವಾನಗಿ ಬೇರೆ ಬೇಕು. ಜರ್ಮನಿಯ ಕೆಲಸ ಬಿಟ್ಟ ಮೇಲೆ ಅಲ್ಲಿನ ಕಾರ್ಡಿಗೆ ಆಧಾರವೂ ಇರುವುದಿಲ್ಲ. ಕಂಪನಿಯ ವಲಸೆ ವಕೀಲರು ಬರಹದಲ್ಲಿ ಒಪ್ಪದೆ ಇದಕ್ಕೆ ಕೈ ಹಾಕಬೇಡಿ. ಮಾಡಿದರೆ ಆರೋಗ್ಯ ವಿಮೆ ದುಡಿಯುವ ದೇಶದ್ದು, ಎಸ್1 ಪತ್ರದ ಮೂಲಕ ಜರ್ಮನಿಯಲ್ಲೂ ಚಿಕಿತ್ಸೆ. ಮನೆಯಿಂದ ಕೆಲಸ 50 ಪರ್ಸೆಂಟಿಗಿಂತ ಕಡಿಮೆ ಇದ್ದರೆ, 2023ರ ಜುಲೈನಿಂದ ಜಾರಿಯಲ್ಲಿರುವ ಒಪ್ಪಂದದಡಿ ಅರ್ಜಿ ಹಾಕಿ ನೆದರ್ಲೆಂಡ್ಸಿನ ಸಾಮಾಜಿಕ ಭದ್ರತೆಯಲ್ಲೇ ಉಳಿಯಬಹುದು.

ನೋಂದಣಿಯಾದ ದಿನದಿಂದ ಓಡುವ ಗಡಿಯಾರಗಳು

ಆರೋಗ್ಯ ವಿಮೆಯನ್ನು 4 ತಿಂಗಳೊಳಗೆ ಮಾಡಿಸಬೇಕು. ಆದರೆ ಪ್ರೀಮಿಯಂ ಮೊದಲ ದಿನದಿಂದಲೇ ಲೆಕ್ಕ, ತಡ ಮಾಡಿ ಉಳಿಸುವುದು ಏನೂ ಇಲ್ಲ. 18 ದಾಟದ ಮಕ್ಕಳಿಗೆ ಪ್ರೀಮಿಯಂ ಇಲ್ಲ, ಹೆಸರು ಮಾತ್ರ ಸೇರಿಸಬೇಕು. ಸಂಬಳಕ್ಕೆ ಹಳೆಯ ಜರ್ಮನ್ ಬ್ಯಾಂಕ್ ಖಾತೆ ನಡೆಯುತ್ತದೆ, ಯೂರೋ ವಲಯದ ಬೇರೆ ದೇಶದ ಐಬ್ಯಾನ್ (ಖಾತೆ ಸಂಖ್ಯೆ) ಎಂದು ಕಂಪನಿ ನಿರಾಕರಿಸುವಂತಿಲ್ಲ. ಆನ್‌ಲೈನ್ ಖರೀದಿಗೆ ಎಲ್ಲ ಕಡೆ ಕೇಳುವ ಐಡೀಲ್ ಎಂಬ ಪಾವತಿ ವ್ಯವಸ್ಥೆಗೆ ಸಾಮಾನ್ಯವಾಗಿ ಡಚ್ ಬ್ಯಾಂಕಿನ ಖಾತೆ ಬೇಕು.

ಭಾರತದ ಡ್ರೈವಿಂಗ್ ಲೈಸೆನ್ಸು ನೋಂದಣಿಯಾದ 185 ದಿನ ಮಾತ್ರ ನಡೆಯುತ್ತದೆ. 30 ಪರ್ಸೆಂಟ್ ರಿಯಾಯಿತಿ ಸಿಕ್ಕವರು ಮತ್ತು ಅವರ ಮನೆಯವರು ಪರೀಕ್ಷೆ ಇಲ್ಲದೆ ಬದಲಿಸಿಕೊಳ್ಳಬಹುದು. ಜರ್ಮನ್ ಲೈಸೆನ್ಸ್ ಇದ್ದವರಿಗೆ ಆತುರವಿಲ್ಲ.

ಜರ್ಮನ್ ನಂಬರಿನ ಕಾರು ತರುವವರಿಗೆ ಆತುರ ಇದೆ. ಬಿಆರ್‌ಪಿಯಲ್ಲಿ ಹೆಸರು ಸೇರಿದ ದಿನದಿಂದ ನೀವು ನಿವಾಸಿ, ನಿವಾಸಿಯಾದವರು ಹೊರದೇಶದ ನಂಬರಿನ ಕಾರನ್ನು ಇಲ್ಲಿನ ತೆರಿಗೆ ಕಟ್ಟದೆ ಓಡಿಸುವಂತಿಲ್ಲ. ಕನಿಷ್ಠ 6 ತಿಂಗಳು ನಿಮ್ಮದಾಗಿ ಬಳಸಿದ ಕಾರಾಗಿದ್ದು, ನೀವು ಕನಿಷ್ಠ 12 ತಿಂಗಳು ಹೊರಗೆ ವಾಸವಿದ್ದವರಾದರೆ, ಬಿಪಿಎಂ ಎಂಬ ದೊಡ್ಡ ತೆರಿಗೆಯಿಂದ ವಿನಾಯಿತಿ ಕೇಳಬಹುದು, ಆಮೇಲೆ ಒಂದು ವರ್ಷ ಮಾರುವಂತಿಲ್ಲ. ಹೊಸದಾಗಿ ಕೊಂಡು ಆರು ತಿಂಗಳು ತುಂಬದ ಕಾರು ಇದ್ದರೆ ತೆರಿಗೆಯ ಮೊತ್ತ ನೋಡಿದ ಮೇಲೆ ಅದನ್ನು ಜರ್ಮನಿಯಲ್ಲೇ ಮಾರಿ ಬರುವುದು ಮೇಲು ಅನ್ನಿಸಬಹುದು. ಆ ಲೆಕ್ಕವನ್ನು ಗೆಮೆಂಟೆಯ ಅಪಾಯಿಂಟ್‌ಮೆಂಟಿಗೆ ಮೊದಲೇ ಹಾಕಿ.